ರೇನ್‌ಕೋಟು ತೆಗೆಯದ ಹೆಂಗಸು

ಮಾರ್ಚ್ 4

ಚಿಕ್ಕಮ್ಮನಿಗೆ,

ಈ ಮಾತನ್ನು ಬರೆಯದೆ ಬಿಡುವುದರಲ್ಲಿದ್ದೆ. ಗಂಟಲು ಹೇಗಿದೆ, ಮಾತ್ರೆ ತಪ್ಪಿಸಬೇಡಿ, ಬಿಸಿನೀರು ಕುಡಿಯುತ್ತಿರಿ ಎಂದು ನಾಲ್ಕು ಸಾಲು ಬರೆದು, ಕಾಗದ ಮಡಚಿ, ಕವರಿಗೆ ಹಾಕಿ ಅಂಟಿಸಿಯೂ ಆಗಿತ್ತು. ಫೋನಿನಲ್ಲೂ ನಾನು ನಿಮ್ಮೊಡನೆ ಆಡುತ್ತಿದ್ದದ್ದು ಇಷ್ಟೇ. ಈಗ ಆಪರೇಶನ್ ಆಗುವವರೆಗೆ ನೀವು ಒಂದಕ್ಷರವೂ ಮಾತಾಡಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದಾರೆ. ಮೊಬೈಲಿನ ಸಣ್ಣ ಅಕ್ಷರ ಒತ್ತುವುದು ನಿಮಗಾಗದು. ಉಳಿದದ್ದು ಕಾಗದ. ಅದರಲ್ಲೂ ಮಾತ್ರೆಯ ಮಾತೇ ಆದರೆ ಯಾಕೆ ಬರೆಯಬೇಕು ಅನ್ನಿಸಿ ಕವರು ಹರಿದೆ.

ಮೊನ್ನೆ ನಮ್ಮ ಕಣ್ಣಿನ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನ ಕರೆಂಟು ಹೋಯಿತು. ಪರೀಕ್ಷೆಯ ಯಂತ್ರಗಳೆಲ್ಲ ನಿಂತವು. ಕೆಲಸವಿಲ್ಲದೆ ಎಲ್ಲರೂ ಊಟದ ಮೇಜಿನ ಸುತ್ತ ಕೂತಾಗ ಮಾತು ಹಳೆಯ ಟಿವಿಯ ಕಡೆಗೆ ಹೊರಳಿತು. ಟಿವಿಯಲ್ಲಿ ತಾವು ನೋಡಿದ ಅತಿ ವಿಚಿತ್ರ ಕಾರ್ಯಕ್ರಮ ಯಾವುದು ಎಂದು ಒಬ್ಬೊಬ್ಬರೂ ಹೇಳಬೇಕು ಎಂದಾಯಿತು. ಲೆನ್ಸ್ ಉಜ್ಜುವ ಹಿರಿಯರು ಹೇಳಿದರು: "ಅಡಚಣೆಗಾಗಿ ವಿಷಾದಿಸುತ್ತೇವೆ ಅನ್ನೋ ಬೋರ್ಡನ್ನೇ ನಮ್ಮಜ್ಜಿ ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡಿದ್ಲು. ಇದರಲ್ಲಿ ಅತ್ತೆ ಸೊಸೆ ಜಗಳ ಇಲ್ಲ, ಇದೇ ವಾಸಿ ಅಂದ್ಲು." ರಿಸೆಪ್ಶನ್ನಿನ ಹುಡುಗಿಗೆ ಮಗ್ಗಿ ಹೇಳುವ ಒಂದು ಕುಂಬಳಕಾಯಿ ಬೊಂಬೆ ನೆನಪು. ಮಕ್ಕಳು ತಪ್ಪು ಹೇಳಿದರೆ ಅದು ಅಳುತ್ತಿತ್ತಂತೆ. "ಇವತ್ತಿಗೂ ಏಳರ ಮಗ್ಗಿ ಹೇಳುವಾಗ ಯಾರೋ ಅತ್ತಂಗಾಗುತ್ತೆ ಮೇಡಂ" ಅಂದಳು.

ನನ್ನ ಸರದಿ ಬಂತು. ಒಂದು ಖಾಲಿ ಮನೆ, ಅದರೊಳಗೆ ರೇನ್‌ಕೋಟು ಹಾಕಿಕೊಂಡ ಒಬ್ಬ ಹೆಂಗಸು, ಅವಳ ಹಿಂದೆ ಮುಂದೆ ಓಡಾಡುವ ಒಂದು ಬಾತುಕೋಳಿ ಬೊಂಬೆ ಎಂದೆ. ಅವಳು ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಾಳೆ. ಒಲೆಯ ಮೇಲೆ ಬಗ್ಗಿ ಮೂಸುತ್ತಾಳೆ. ಮೆಟ್ಟಿಲು ಎಣಿಸುತ್ತಾಳೆ. ಒಳಗೆ ಬಂದರೂ ಕೋಟು ತೆಗೆಯುವುದಿಲ್ಲ. ಕೊನೆಗೆ ನಮ್ಮ ಕಡೆ ತಿರುಗಿ ಒಂದೇ ಒಂದು ಮಾತು ಹೇಳುತ್ತಾಳೆ. ಅಷ್ಟೆ.

"ಕನಸು ಕಂಡಿರ್ತೀರಿ" ಅಂದರು ಲೆನ್ಸಿನವರು.

"ಬೇಕಾದ್ರೆ ನಮ್ಮ ಚಿಕ್ಕಮ್ಮನ್ನ ಕೇಳಿ" ಎಂದುಬಿಟ್ಟೆ. ಯಾವ ಸಂಗತಿಗೂ ನಾನು ನಿಮ್ಮನ್ನು ಸಾಕ್ಷಿಗೆ ಕರೆದವಳಲ್ಲ.

ಅಮ್ಮ ಹೋಗಿ ಎರಡು ವರ್ಷಕ್ಕೆ ನೀವು ನಮ್ಮ ಮನೆಗೆ ಬಂದಿರಿ. ನನಗೆ ಹತ್ತು, ತಮ್ಮನಿಗೆ ಐದು. ಆರು ತಿಂಗಳು, ಪ್ರತಿ ಭಾನುವಾರ ಮಧ್ಯಾಹ್ನ, ಅರ್ಥವಾಗದ ಭಾಷೆಯ ಆ ಕಾರ್ಯಕ್ರಮವನ್ನು ನೀವು ಪಕ್ಕದಲ್ಲಿ ಕೂತು ನಮಗೆ ಹೇಳುತ್ತಾ ಹೋದಿರಿ. ಕೊನೆಯ ಭಾಗ ಮಾತ್ರ ಹೇಳಲಿಲ್ಲ. ಅದಕ್ಕೆ ಕಾರಣ ನಾನು ಎಂಬುದು ಮರೆತಿಲ್ಲ. ಆದರೂ ಕೇಳುತ್ತಿದ್ದೇನೆ. ನೀವು ಹೇಳುತ್ತಿದ್ದ ಕಥೆಯಲ್ಲಿ ಅವಳು ಕೊನೆಗೆ ಕೋಟು ತೆಗೆದಳೆ?

ಈಗ ಇದನ್ನು ಯಾಕೆ ಕೇಳಬೇಕು ಎಂದು ನನ್ನನ್ನೇ ಕೇಳಿಕೊಂಡೆ.

ಇಂತಿ,
ದೊಡ್ಡವಳು


ಮಾರ್ಚ್ 12

ದೊಡ್ಡವಳಿಗೆ,

ನಿನ್ನ ಕಾಗದ ಬಂತು. ಮಾತ್ರೆಯ ವಿಷಯ ಇಲ್ಲದ್ದು ನೋಡಿ ಬೇರೆ ಯಾರದೋ ಇರಬೇಕು ಅಂತ ಕವರು ಎರಡು ಸಲ ತಿರುಗಿಸಿ ನೋಡಿದೆ.

ನಿನ್ನ ತಮ್ಮ ನನ್ನ ಕೊರಳಿಗೆ ಒಂದು ಸ್ಲೇಟು ಕಟ್ಟಿದ್ದಾನೆ. ತರಕಾರಿಯವಳು ನನಗೆ ಕಿವಿಯೂ ಹೋಗಿದೆ ಅಂದುಕೊಂಡು ಕಿರುಚುತ್ತಾಳೆ. 'ಕಿವಿ ಕೇಳುತ್ತೆ' ಅಂತ ಬರೆದು ತೋರಿಸಿದೆ. ಅದನ್ನೂ ಜೋರಾಗಿ ಓದಿದಳು. ಇಪ್ಪತ್ತೆಂಟು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಹೇಳಿದವಳಿಗೆ ಈಗ ಉಪ್ಪು ಬೇಕು ಅನ್ನುವುದಕ್ಕೂ ಬಳಪ ಬೇಕು. ಆಪರೇಶನ್ ಏಪ್ರಿಲ್ 28ಕ್ಕೆ ಗೊತ್ತಾಗಿದೆ. ಡಾಕ್ಟರು ಮೂರು ಬೆರಳು ಎತ್ತಿ ಹೇಳಿದರು: ಧ್ವನಿ ಮೊದಲಿನ ಹಾಗೆ ಬರಬಹುದು, ಒಡಕಾಗಿ ಬರಬಹುದು, ಬರೀ ಗಾಳಿ ಬರಬಹುದು. ಬಸ್ಸು ಬರುತ್ತೋ ಇಲ್ಲವೋ ಅಂತ ಕೇಳಿದವರಿಗೆ ನಾನೂ ಹಿಂಗೇ ಹೇಳುತ್ತಿದ್ದೆ ಬಿಡು.

ಆ ಟಿವಿ ಮಾತು ಯಾಕೆ ಎತ್ತಿದೆ? ಸುಳ್ಳಿನ ಕಥೆಗೆ ಕೊನೆ ಎಲ್ಲಿಂದ ತರಲಿ. ನನಗೆ ಆ ಭಾಷೆ ಬರುತ್ತಿರಲಿಲ್ಲ. ಅದು ನಿನಗೂ ಗೊತ್ತು, ಊರಿಗೂ ಗೊತ್ತು.

ಕೇಳಿದ್ದೀಯ ಅಂತ, ಶುರುವಾದದ್ದು ಹೇಗೆ ಅನ್ನುವುದನ್ನು ಮಾತ್ರ ಹೇಳುತ್ತೇನೆ. ನಮ್ಮ ಟಿವಿ ಸ್ಟೇಷನ್ನು ಮಧ್ಯಾಹ್ನ ಬಾಗಿಲು ಹಾಕುತ್ತಿತ್ತು. ನಿಮ್ಮಪ್ಪ ತಾರಸಿ ಹತ್ತಿ ಆಂಟೆನಾ ತಿರುಗಿಸುತ್ತಾ "ಬಂತಾ?" ಅನ್ನುವುದು, ನಿನ್ನ ತಮ್ಮ ಕಿಟಕಿಯಿಂದ "ಬಂತು, ಬಂತು, ಹೋಯ್ತು" ಅನ್ನುವುದು. ಹಾಗೆ ಒಂದು ದಿನ ಕಡಲಾಚೆಯ ಸ್ಟೇಷನ್ನು ಸಿಕ್ಕಿಬಿಟ್ಟಿತು. ನಾನು ಬಂದು ಇಪ್ಪತ್ತು ದಿನವಾಗಿತ್ತು. ನೀನು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ನೀರು ಬೇಕಾದರೂ ತಮ್ಮನ ಕೈಯಲ್ಲಿ ಹೇಳಿಸುತ್ತಿದ್ದೆ. ಅವತ್ತು ಟಿವಿಯಿಂದ ಕಣ್ಣು ತೆಗೆಯದೆ, "ಏನ್ ಹೇಳ್ತಿದಾಳೆ?" ಅಂತ ಕೇಳಿದೆ. ಗೋಡೆಯನ್ನು ಕೇಳಿದೆಯೋ ನನ್ನನ್ನೋ, ನಾನಂತೂ ನನ್ನನ್ನೇ ಅಂದುಕೊಂಡೆ. 'ಗೊತ್ತಿಲ್ಲ' ಅಂದಿದ್ದರೆ ನೀನು ಎದ್ದು ಹೋಗುತ್ತಿದ್ದೆ. ಬಂದರಿನ ಊರಿನಲ್ಲಿ ಎರಡು ವರ್ಷ ಡ್ಯೂಟಿ ಮಾಡಿದ್ದೇನೆ, ಆ ಭಾಷೆ ಬರುತ್ತೆ ಅಂದುಬಿಟ್ಟೆ. ಬಾರದ ಬಸ್ಸನ್ನು 'ಇನ್ನು ಹತ್ತು ನಿಮಿಷದಲ್ಲಿ ಬರಲಿದೆ' ಅಂದು ರೂಢಿಯಾದ ಬಾಯಿ.

ತಪ್ಪು ತಪ್ಪೇ. ಎಳೆ ಮಕ್ಕಳನ್ನು ಆರು ತಿಂಗಳು ನಂಬಿಸಿ ಮೋಸ ಮಾಡಿದೆ. ನಿಮ್ಮತ್ತೆ ಅವತ್ತು ನಿನಗೆ ನಿಜ ಹೇಳಿರಬೇಕು. ನಾಲ್ಕು ಜನರ ಎದುರು ನೀನು ಕೇಳಿದ್ದು ಸರಿಯಾಗೇ ಇತ್ತು. ಆಗಲೂ ತಪ್ಪಾಯ್ತು ಅಂದಿದ್ದೆ, ಈಗಲೂ ಅನ್ನುತ್ತೇನೆ. ಆ ಕೋಟು ಅವಳ ಮೈಮೇಲೇ ಇರಲಿ ಬಿಡು.

ಮಾತ್ರೆ ತಪ್ಪಿಸಿಲ್ಲ.

ಚಿಕ್ಕಮ್ಮ


ಮಾರ್ಚ್ 22

ಚಿಕ್ಕಮ್ಮನಿಗೆ,

ಸಿಕ್ಕಿತು. ನಮ್ಮ ಹಾಗೆ ಏನೇನೋ ನೋಡಿದ ನೆನಪಿರುವ ಜನ ಅಂತರ್ಜಾಲದಲ್ಲಿ ಒಂದು ಪುಟ ಮಾಡಿಕೊಂಡಿದ್ದಾರೆ. ಅಲ್ಲಿ 'ರೇನ್‌ಕೋಟು, ಬಾತುಕೋಳಿ' ಎಂದು ಕೇಳಿದೆ. ಮೂರನೆಯ ದಿನ, ಆ ದೇಶದವರೇ ಇರಬೇಕು, ಒಬ್ಬರು ಇಪ್ಪತ್ತಾರು ಭಾಗಗಳನ್ನೂ ಕಳಿಸಿದರು. ಕೆಳಗೆ ಇಂಗ್ಲಿಷ್ ಸಾಲುಗಳೂ ಇವೆ. ಕ್ಲಿನಿಕ್ಕಿನವರಿಗೆ ತೋರಿಸಿದೆ. ಲೆನ್ಸಿನವರು ಕನ್ನಡಕ ಒರೆಸಿಕೊಂಡು, "ಬೋರ್ಡು ನೋಡಿದ ನಮ್ಮಜ್ಜಿಯೇ ಸೋತ್ಲು" ಅಂದರು.

ಅದು ಏನು ಗೊತ್ತೆ? ಆ ದೇಶದ ಅಗ್ನಿಶಾಮಕ ದಳದವರು ಗೃಹಿಣಿಯರಿಗಾಗಿ ಮಾಡಿಸಿದ ಪಾಠ. ಮನೆಯಲ್ಲಿ ಬೆಂಕಿ, ಶಾಕು ಆಗದ ಹಾಗೆ ಹೇಗೆ ನೋಡಿಕೊಳ್ಳಬೇಕು ಎಂಬುದು. ಅವಳು ತಪಾಸಣೆಗೆ ಬಂದ ಇನ್ಸ್‌ಪೆಕ್ಟರು. ರೇನ್‌ಕೋಟು ಅವಳ ಸಮವಸ್ತ್ರ.

ಗೋಡೆಗೆ ಅಂಗೈ ಒತ್ತುತ್ತಿದ್ದಳಲ್ಲ, ಒಳಗಿನ ವೈರು ಬಿಸಿಯಾಗಿದೆಯೇ ಎಂದು ನೋಡುವುದಕ್ಕೆ. ನೀವು ಹೇಳಿದ್ದು: "ಈ ಮನೆಗೆ ಜೀವ ಇದೆಯಾ ಅಂತ ನಾಡಿ ನೋಡ್ತಿದಾಳೆ." ಒಲೆಯ ಮೇಲೆ ಬಗ್ಗಿದ್ದು ಗ್ಯಾಸು ಸೋರುತ್ತಿದೆಯೇ ಎಂದು. ನೀವು ಹೇಳಿದ್ದು: "ಮೊದಲು ಅಡಿಗೆ ಮಾಡ್ತಿದ್ದವಳ ಕೈವಾಸನೆ ಉಳಿದಿದೆಯಾ ಅಂತ ಹುಡುಕ್ತಿದಾಳೆ. ಅದನ್ನ ಅಳಿಸಬಾರದಲ್ಲ, ಅದಕ್ಕೆ." ಅವಳು ಪ್ರತಿ ವಾರ ಕೊನೆಯಲ್ಲಿ ನಮ್ಮತ್ತ ತಿರುಗಿ ಹೇಳುತ್ತಿದ್ದ ಒಂದು ಮಾತು ನೆನಪಿದೆಯೆ? ಒಂದು ವಾರ ಅದು 'ನಾಳೆ ಮತ್ತೆ ಬರ್ತೀನಿ' ಆಗಿತ್ತು. ಇನ್ನೊಂದು ವಾರ 'ಹಸಿವಾದ್ರೆ ಹೇಳಿ.' ಮತ್ತೊಂದು ವಾರ 'ನನಗೂ ಈ ಮನೆ ಹೊಸದು, ಸ್ವಲ್ಪ ಭಯ ಆಗುತ್ತೆ.' ಅದು ಅಗ್ನಿಶಾಮಕ ದಳದ ಫೋನ್ ನಂಬರು. ಇಪ್ಪತ್ತೈದು ವಾರವೂ ಅದೇ ನಂಬರು.

ನಮ್ಮದು ಕಪ್ಪುಬಿಳುಪು ಟಿವಿ. ಕೋಟಿನ ಬಣ್ಣ ಕೆಂಪು ಎಂದು ನೀವು ಹೇಳಿದ್ದಿರಿ. ಅದು ಹಳದಿ.

ನಗು ಬಂತು. ಕೊನೆಗೆ ಬಾತುಕೋಳಿಯ ಹತ್ತಿರ ಬಂದಾಗ ನಿಂತಿತು. ತಪ್ಪು ಕೆಲಸ ಮಾಡಿದರೆ ಅದು ಕ್ವಾಕ್ ಎನ್ನಬೇಕು, ಅಷ್ಟೇ ಅದರ ಕೆಲಸ. ನಿಮ್ಮ ಕಥೆಯಲ್ಲಿ ಅದು ಹಳೆಯ ಯಜಮಾನಿ ಸಾಕಿದ ಬಾತು. ಹೊಸಬಳು ಏನು ಮುಟ್ಟಿದರೂ ಕೂಗುತ್ತದೆ. ಬಾಗಿಲ ಹಿಂದಿನ ಖಾಲಿ ಮೊಳೆಯ ಹತ್ತಿರವಂತೂ ಅವಳನ್ನು ಬಿಟ್ಟುಕೊಳ್ಳುವುದಿಲ್ಲ, ಅದು ಹಳೆಯ ಯಜಮಾನಿ ಕೋಟು ನೇತುಹಾಕುತ್ತಿದ್ದ ಮೊಳೆ. "ಒಳಗೆ ಬಂದ್ರೂ ಯಾಕೆ ಕೋಟು ತೆಗೆಯಲ್ಲ?" ಎಂದು ನಾನು ಕೇಳಿದ್ದೆ. "ಯಾರೂ ತೆಗೆದಿಡು ಅಂದಿಲ್ವಲ್ಲ. ಅವಳಾಗೇ ತೆಗೆದ್ರೆ ಬಾತುಗೆ ಬೇಜಾರಾಗುತ್ತೆ" ಎಂದಿರಿ.

ನನಗೀಗ ನಲವತ್ತನಾಲ್ಕು. ಬಾತು ಯಾರು ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ಇಪ್ಪತ್ತೈದನೆಯ ಭಾಗದವರೆಗೆ ನೋಡಿದ್ದೇನೆ. ಕೊನೆಯದನ್ನು ನೋಡಿಲ್ಲ.

ಇಂತಿ,
ದೊಡ್ಡವಳು


ಮಾರ್ಚ್ 30

ದೊಡ್ಡವಳಿಗೆ,

ನಿನ್ನ ಕಾಗದ ಓದಿ ನಗು ತಡೆಯಲಾಗಲಿಲ್ಲ. ನಗುವಾಗಲೂ ಸದ್ದು ಮಾಡಬಾರದಂತೆ. ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಸೊಸೆ ಓಡಿಬಂದು "ಏನಾಯ್ತತ್ತೆ, ಯಾರು ಹೋದ್ರು?" ಅಂದಳು. 'ಇನ್ಸ್‌ಪೆಕ್ಟರು' ಅಂತ ಬರೆದು ತೋರಿಸಿದೆ. ಪಾಪ, ಇನ್ನಷ್ಟು ಗಾಬರಿಯಾದಳು.

ಹಾಗಾದರೆ ಆರು ತಿಂಗಳು ಒಂದು ಗ್ಯಾಸ್ ಕೊಳವೆಗೆ ನಿಮ್ಮಿಬ್ಬರಿಂದ ಕಣ್ಣೀರು ಹಾಕಿಸಿದ್ದೇನೆ. ಫೋನ್ ನಂಬರಿಗೆ ನಾನೂ ಅತ್ತಿದ್ದೇನೆ, ಅದನ್ನು ಯಾರಿಗೆ ಹೇಳಲಿ. ನಿಮ್ಮಪ್ಪ ಪೇಪರು ಅಡ್ಡ ಹಿಡಿದುಕೊಂಡು ಕೂತಿರುತ್ತಿದ್ದರು, ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆ ಅಂತ ಆಗ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ ನಗುವೋ ಏನೋ, ಹೇಳಲಾರೆ. ಅವರು ಹೋಗಿ ಆರು ವರ್ಷವಾಯಿತು, ಕೇಳುವ ಹಾಗಿಲ್ಲ.

ಬಾತಿನ ವಿಷಯ ಬರೆದಿದ್ದೀಯ. ನಿನ್ನನ್ನು ಆಡಿಕೊಳ್ಳಬೇಕು ಅಂತ ಹೇಳಿದ್ದಲ್ಲ. ಅದು ಪಾಪದ್ದು ಅಂತಲೇ ನನ್ನ ಮನಸ್ಸಿನಲ್ಲಿತ್ತು. ತನ್ನವರ ಜಾಗ ಕಾಯುವ ಪ್ರಾಣಿ.

ಇನ್ನೇನಿಲ್ಲ. ರಾತ್ರಿ ಕೆಮ್ಮು ಕಡಿಮೆ.

ಚಿಕ್ಕಮ್ಮ

ಮರೆತಿದ್ದೆ. ಶುರುವಿನಲ್ಲಿ ಒಂದು ಕಪ್ಪು ಹಲಗೆ ಬರುತ್ತಿತ್ತಲ್ಲ, ಮೇಲೆ ಅವರ ಭಾಷೆ, ಕೆಳಗೆ ಇಂಗ್ಲಿಷು. ನನಗೆ ಆಗಲೇ ದೂರದ್ದು ಮಂಜು, ಹೊಸ ಮನೆಯಲ್ಲಿ ಕನ್ನಡಕ ಹಾಕಿಕೊಳ್ಳಲು ನಾಚಿಕೆ. ಆ ಅಕ್ಷರ ನನಗೆ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಪಾತ್ರ ಮಾಡಿದವರ ಹೆಸರು ಅಂತ ಹೇಳುತ್ತಿದ್ದೆ. ಅದರಲ್ಲಿ ಏನಿತ್ತು? ನೀನು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದವಳು, ನಿನಗೆ ಓದಲು ಬರುತ್ತಿರಲಿಲ್ಲವೆ?


ಏಪ್ರಿಲ್ 5

ಚಿಕ್ಕಮ್ಮನಿಗೆ,

ಬರುತ್ತಿತ್ತು.

ಇದನ್ನು ನೀವು ಕೇಳುವವರೆಗೆ ನಾನಾಗಿ ಹೇಳಲಿಲ್ಲ ಎಂಬುದನ್ನೂ ಸೇರಿಸಿಯೇ ಓದಿ. ಮೊದಲ ಕಾಗದದಲ್ಲೇ ಬರೆಯಬಹುದಿತ್ತು. ಎರಡನೆಯದರಲ್ಲಿ 'ಸಿಕ್ಕಿತು' ಎಂದು ಬರೆದೆ, ಮೊದಲ ಬಾರಿಗೆ ತಿಳಿದವಳ ಹಾಗೆ.

ಮೊದಲ ವಾರ ಗಮನಿಸಲಿಲ್ಲ. ಎರಡನೆಯ ವಾರ ಓದಿದೆ. ಮನೆಯ ಸುರಕ್ಷತೆ, ಭಾಗ ಎರಡು, ಸ್ವಿಚ್ಚುಗಳು ಎಂದಿತ್ತು. ಅದು ಮಾಯವಾಗುವುದರೊಳಗೆ ನಾನು ಎರಡು ಸಲ ಓದಿದ್ದೆ. ಆಗ ನೀವು, "ನೋಡು, ಇವತ್ತು ಅವಳು ದೀಪ ಹಚ್ಚೋಕೆ ಹೆದರ್ತಿದಾಳೆ. ಬೆಳಕಾದ್ರೆ ಎಲ್ಲರ ಮುಖ ನೋಡಬೇಕಾಗುತ್ತಲ್ಲ" ಎಂದಿರಿ. ನಾನು ನಿಮ್ಮ ಮುಖ ನೋಡಿದೆ. ನಿಮಗೆ ಆ ಭಾಷೆ ಬರುವುದಿಲ್ಲ ಎಂದು ಆ ಕ್ಷಣಕ್ಕೆ ಗೊತ್ತಾಯಿತು. ಸುಮ್ಮನಿದ್ದೆ.

ಕ್ಲಿನಿಕ್ಕಿಗೆ ಬರುವವರಲ್ಲಿ ಎಷ್ಟೋ ಜನ ಕೊನೆಯ ಸಾಲು ಕಾಣದಿದ್ದರೂ ಧೈರ್ಯವಾಗಿ ಓದುತ್ತಾರೆ. ನಾನು ಅವರನ್ನು ತಿದ್ದುವುದಿಲ್ಲ. ಸದ್ದಿಲ್ಲದೆ ಲೆನ್ಸು ಬದಲಿಸುತ್ತೇನೆ. ಅದು ಸೌಜನ್ಯ. ಅಂದು ನಾನು ಸುಮ್ಮನಿದ್ದದ್ದು ಸೌಜನ್ಯವಲ್ಲ. ನನಗೆ ಆ ಕಥೆ ಬೇಕಿತ್ತು. ನಿಮ್ಮ ಪಕ್ಕದಲ್ಲಿ ಕೂರಬೇಕಿತ್ತು. ಕೂತರೆ ಅಮ್ಮನಿಗೆ ದ್ರೋಹ ಮಾಡಿದ ಹಾಗಾಗುತ್ತದೆ ಎಂಬ ಭಯವೂ ಇತ್ತು. ಟಿವಿ ನೋಡುತ್ತಿದ್ದೇನೆ ಎಂದರೆ ಅದು ಕೂತ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಇಪ್ಪತ್ತೈದನೆಯ ಭಾನುವಾರ ಅತ್ತೆ ಬಂದಿದ್ದರು. ಪಕ್ಕದ ಮನೆಯ ಮಕ್ಕಳೂ ಇದ್ದರು. ನೀವು ಕಥೆ ಹೇಳುತ್ತಿದ್ದಿರಿ. ಅತ್ತೆ ನನಗೆ ಮಾತ್ರ ಕೇಳುವ ಹಾಗೆ, "ಪರವಾಗಿಲ್ವೇ, ಹೊಸಬಳಿಗೆ ಚೆನ್ನಾಗಿ ಅಂಟ್ಕೊಂಡಿದೀಯ. ಹೆತ್ತವಳ ನೆನಪೂ ಇಲ್ಲ ಅನ್ನು" ಎಂದರು. ಆಗ ನೋಡಿಕೊಂಡೆ. ನನ್ನ ತಲೆ ನಿಮ್ಮ ಮೊಣಕಾಲಿಗೆ ಒರಗಿತ್ತು. ಯಾವಾಗ ಒರಗಿತೋ ನನಗೇ ಗೊತ್ತಿರಲಿಲ್ಲ.

ಅತ್ತೆ ಹೇಳಿದ್ದು ಅಷ್ಟೆ. ಭಾಷೆಯ ಮಾತು ಅವರು ಎತ್ತಲೇ ಇಲ್ಲ. ಎದ್ದು ನಿಂತು, "ಇವರಿಗೆ ಆ ಭಾಷೆ ಬರೋದೇ ಇಲ್ಲ. ಬಾಯಿಗೆ ಬಂದಿದ್ದು ಹೇಳ್ತಾರೆ. ನಮಗೆ ಮೋಸ ಮಾಡ್ತಿದಾರೆ" ಎಂದದ್ದು ನಾನು. ಆರು ತಿಂಗಳು ನನಗೆ ಗೊತ್ತಿದ್ದದ್ದನ್ನು ಆಗತಾನೆ ಮೋಸ ಹೋದವಳ ಹಾಗೆ ಕೂಗಿ ಹೇಳಿದೆ. ಮರುದಿನ ಬೆಳಿಗ್ಗೆ ಜಡೆ ಹಾಕುವಾಗ ನೀವು ಹಿಂದಿನಿಂದ, "ತಪ್ಪಾಯ್ತು ಮಗಳೇ, ನನಗೆ ಬರಲ್ಲ, ಸುಳ್ಳು ಹೇಳ್ದೆ" ಎಂದಿರಿ. ನಾನು ಕನ್ನಡಿಯಲ್ಲಿ ನಿಮ್ಮನ್ನು ನೋಡಿದೆ. ಏನೂ ಹೇಳಲಿಲ್ಲ. ಆಮೇಲೆ ಹಾಸ್ಟೆಲಿಗೆ ಹೋದೆ. ಇಲ್ಲಿಯವರೆಗೂ ಹೇಳಲಿಲ್ಲ.

ಮೋಸ ಮಾಡಿದ್ದು ನೀವಲ್ಲ.

ಇಂತಿ,
ದೊಡ್ಡವಳು


ಏಪ್ರಿಲ್ 15

ಚಿಕ್ಕಮ್ಮನಿಗೆ,

ಹತ್ತು ದಿನವಾಯಿತು. ತಮ್ಮನಿಗೆ ಫೋನು ಮಾಡಿದ್ದೆ. ಊಟ ಮಾಡುತ್ತಿದ್ದೀರಂತೆ, ಮಾತ್ರೆ ತಗೊಳ್ಳುತ್ತಿದ್ದೀರಂತೆ. ನನ್ನ ಹೆಸರು ಎತ್ತಿದರೆ ಸ್ಲೇಟು ಬೋರಲು ಮಾಡಿ ಇಡುತ್ತೀರಂತೆ. "ಏನ್ ಬರ್ದೆ ಅಕ್ಕ ನೀನು?" ಎಂದು ಕೇಳಿದ. ಅವನಿಗೆ ಹೇಳಿದೆ. "ನಾನು ಇವತ್ತಿನವರೆಗೂ ಆ ಕೋಟು ಕೆಂಪು ಅಂತಲೇ ಅಂದ್ಕೊಂಡಿದ್ದೆ" ಎಂದ.

ಉತ್ತರ ಬರೆಯಿರಿ ಎಂದು ಕೇಳುವ ಹಕ್ಕು ನನಗಿಲ್ಲ. ಆಪರೇಶನ್ನಿಗೆ ಮೊದಲು ಬೈಯುವುದಿದ್ದರೆ ಬರೆದೇ ಬೈಯಿರಿ ಎಂದು ಮಾತ್ರ ಕೇಳುತ್ತೇನೆ.

ಇಂತಿ,
ದೊಡ್ಡವಳು


ಏಪ್ರಿಲ್ 20

ದೊಡ್ಡವಳಿಗೆ,

ಬೈಯಬೇಕು ಅಂತಲೇ ಮೂರು ಸಲ ಕೂತೆ. ಬರವಣಿಗೆಯಲ್ಲಿ ಬೈಗುಳಕ್ಕೆ ಧಾಟಿ ಇರುವುದಿಲ್ಲ. ಮೈಕು ಇದ್ದಿದ್ದರೆ ಕೇಳಬೇಕಿತ್ತು ನೀನು.

ನೀನು ಹತ್ತು ವರ್ಷದವಳಿದ್ದಾಗ ಮಾಡಿದ್ದಕ್ಕೆ ಸಿಟ್ಟಿಲ್ಲ. ಮಗು ಅದು, ಅಮ್ಮ ಇಲ್ಲದ ಮಗು. ಆಮೇಲೆ ನೀನು ಇಪ್ಪತ್ತಾದೆ, ಮೂವತ್ತಾದೆ, ಓದಿದೆ, ನನಗೇ ಕನ್ನಡಕ ಹಾಕಿಕೊಟ್ಟೆ. ಒಂದು ದಿನ, ಒಂದು ಮಾತು ಹೇಳಬಹುದಿತ್ತಲ್ಲ. ನಾನು ಅವತ್ತಿನಿಂದ ಒಂದು ಕಥೆ ಹೇಳಿದವಳಲ್ಲ, ಗೊತ್ತಾ ನಿನಗೆ? ನಿನ್ನ ತಮ್ಮನ ಮಗಳು "ಅಜ್ಜಿ, ಕಥೆ" ಅಂತ ಬಂದರೆ ಪೇಪರಿನ ಸುದ್ದಿ ಓದಿ ಹೇಳಿದ್ದೇನೆ. ಪೇಪರಿನಲ್ಲಿದ್ದದ್ದನ್ನು ಓದಿದರೆ ಯಾರೂ ಸುಳ್ಳಿ ಅನ್ನುವುದಿಲ್ಲವಲ್ಲ. ಆ ಮಗು ಹವಾಮಾನ ವರದಿ ಕೇಳುತ್ತಾ ನಿದ್ದೆ ಮಾಡಿ ದೊಡ್ಡದಾಯಿತು. ಈಗ ಧ್ವನಿ ಹೋಗುವ ಹೊತ್ತಿಗೆ ಬಂದು 'ನನಗೆ ಗೊತ್ತಿತ್ತು' ಅನ್ನುತ್ತೀಯ.

ಇದನ್ನು ಬರೆದು ಎರಡು ದಿನ ಹಾಗೇ ಇಟ್ಟಿದ್ದೆ.

ಇವತ್ತು ಬೆಳಿಗ್ಗೆ ಒಂದು ಯೋಚನೆ ಬಂತು. ಗೊತ್ತಿದ್ದೂ ನೀನು ಮುಂದಿನ ವಾರ ಬಂದು ಕೂತೆ. ಅದರ ಮುಂದಿನ ವಾರವೂ ಬಂದೆ. ನಾನು ಏನು ಹೇಳುತ್ತೇನೆ ಅಂತ ಕೇಳಿದೆ. ಟಿವಿಯವಳು ಏನು ಹೇಳುತ್ತಾಳೆ ಅಂತ ಅಲ್ಲ. ಸುಳ್ಳು ನಂಬಿಸಿ ಕೂರಿಸಿಕೊಂಡೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ನೀನು ನನ್ನ ಮಾತಿಗೇ ಕೂತಿದ್ದೆ ಅಂತಾಯಿತಲ್ಲ. ಈ ಯೋಚನೆ ಬಂದ ಮೇಲೂ ಸಿಟ್ಟು ಪೂರ್ತಿ ಹೋಗಿಲ್ಲ. ಎರಡೂ ಇವೆ.

ಒಂದು ಕೆಲಸ ಮಾಡು. ಆಪರೇಶನ್ ಆದ ಮೇಲೂ ಹದಿನೈದು ದಿನ ಬಾಯಿ ಬಿಡುವ ಹಾಗಿಲ್ಲ. ಆಗ ರಜ ಹಾಕಿ ಬಾ. ಆ ಇಪ್ಪತ್ತಾರನೆಯದನ್ನು ತಮ್ಮನ ಟಿವಿಯಲ್ಲಿ ಹಾಕು. ಸೌಂಡು ಬೇಡ, ಕೆಳಗಿನ ಇಂಗ್ಲಿಷೂ ಬೇಡ. ನಾನು ಸ್ಲೇಟಿನಲ್ಲಿ ಕೇಳುತ್ತೇನೆ, ನೀನು ಹೇಳು. ಹೀಟರಿನ ಪಾಠ, ಗ್ಯಾಸಿನ ಪಾಠ ಅಂದರೆ ಎದ್ದು ಹೋಗುತ್ತೇನೆ.

ಇಲ್ಲಿಂದ ಅಲ್ಲಿಗೆ ಕಾಗದ ಮೂರು ದಿನ ತಗೊಳ್ಳುತ್ತೆ. ಎಣಿಸಿ ಬರೆ.

ಚಿಕ್ಕಮ್ಮ


ಏಪ್ರಿಲ್ 23

ಚಿಕ್ಕಮ್ಮಾ,

ನಿನ್ನ ಕಾಗದ ಇವತ್ತು ಮಧ್ಯಾಹ್ನ ಬಂತು. ಕ್ಲಿನಿಕ್ಕಿನಿಂದ ಬೇಗ ಹೊರಟು, ಬಾಗಿಲು ಹಾಕಿಕೊಂಡು, ಇಪ್ಪತ್ತಾರನೆಯದನ್ನು ನೋಡಿದೆ. ನೀನು ಹೇಳಿದ ಹಾಗೆ ಸೌಂಡು ತೆಗೆದು, ಕೆಳಗಿನ ಸಾಲುಗಳ ಮೇಲೆ ಒಂದು ಪುಸ್ತಕ ಅಡ್ಡ ಇಟ್ಟು ನೋಡಿದೆ. ಶುರುವಿನ ಹಲಗೆ ಬಂದಾಗ ಕಣ್ಣು ಮುಚ್ಚಿಕೊಂಡೆ. ಅದು ಪಾತ್ರ ಮಾಡಿದವರ ಹೆಸರು.

ಮೇ ತಿಂಗಳ ರಜ ಬರೆದುಕೊಟ್ಟಾಗಿದೆ. ಬಂದು ಬಾಯಲ್ಲೇ ಹೇಳುತ್ತೇನೆ. ಆದರೆ ನನ್ನನ್ನು ನಾನು ಬಲ್ಲೆ. ಎದುರಿಗೆ ಬಂದರೆ ಮತ್ತೆ ಮಾತ್ರೆ ತಗೊಂಡ್ಯಾ ಎಂದೇ ಶುರು ಮಾಡುತ್ತೇನೆ. ಅದಕ್ಕೆ ಮೊದಲೇ ಬರೆದಿಡುತ್ತಿದ್ದೇನೆ. ಆಪರೇಶನ್ನಿಗೆ ಹೋಗುವ ಮುಂಚೆ ನೀನು ಓದಬೇಕು.

ಹೊರಗೆ ಮಳೆ. ಅವಳು ಬಾಗಿಲು ತೆಗೆದು ಒಳಗೆ ಬರುತ್ತಾಳೆ. ಕೋಟು ಕೆಂಪು, ನೀರು ತೊಟ್ಟಿಕ್ಕುತ್ತಿದೆ. ಬಾತು ಮೆಟ್ಟಿಲ ಮೇಲೆ ಕೂತಿದೆ. ಅವಳು ಇವತ್ತು ಗೋಡೆ ಮುಟ್ಟುವುದಿಲ್ಲ, ಒಲೆ ಮೂಸುವುದಿಲ್ಲ. ಸುಸ್ತಾಗಿದ್ದಾಳೆ. ಇಪ್ಪತ್ತೈದು ವಾರ ಬಂದು ಬಂದು ನಿಂತೇ ಹೋದವಳು. ನಡುಮನೆಯಲ್ಲಿ ನಿಂತು ಮೊದಲ ಸಲ ಕೋಟಿನ ಗುಂಡಿ ಬಿಚ್ಚುತ್ತಾಳೆ. ಒಂದೊಂದೇ. ಬಾತು ಈಗ ಕೂಗುತ್ತದೆ ಎಂದು ಅವಳಿಗೂ ಗೊತ್ತು, ನಮಗೂ ಗೊತ್ತು. ಕೂಗುವುದಿಲ್ಲ.

ಅವಳು ಕೋಟು ತೆಗೆದು, ಎಲ್ಲಿಡಬೇಕೆಂದು ತಿಳಿಯದೆ, ಕಾಯುತ್ತಿರುವ ಹೀಟರಿನ ಮೇಲೆ ಹಾಕಲು ಹೋಗುತ್ತಾಳೆ. ಆಗ ಬಾತು ಕೂಗುತ್ತದೆ. ಸೌಂಡು ಇಲ್ಲದಿದ್ದರೂ ಕೊಕ್ಕು ತೆರೆದದ್ದು ಕಂಡಿತು. ಏನು ಹೇಳಿತು ಎಂದು ನೀನು ಸ್ಲೇಟಿನಲ್ಲಿ ಕೇಳುತ್ತೀಯ. ನನಗೆ ಆ ಭಾಷೆ ಚೆನ್ನಾಗಿ ಬರುತ್ತದೆ, ಹೇಳುತ್ತೇನೆ. "ಅಲ್ಲಿ ಬೇಡ, ಸುಟ್ಟು ಹೋಗುತ್ತೆ. ಬಾಗಿಲ ಹಿಂದೆ ಮೊಳೆ ಇದೆ. ಅಮ್ಮನ ಕೋಟು ಅಲ್ಲಿರ್ತಿತ್ತು. ತುಂಬಾ ದಿನದಿಂದ ಖಾಲಿ ಇದೆ. ಅಲ್ಲಿ ನೇತುಹಾಕು. ನಾನು ಮೊದಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಅವಳು ಕೋಟನ್ನು ಆ ಮೊಳೆಗೆ ನೇತುಹಾಕುತ್ತಾಳೆ. ನಾನು ಸೇರಿಸಿದ್ದಲ್ಲ, ನಿಜವಾಗಿಯೂ ಅಲ್ಲಿಗೇ ಹಾಕುತ್ತಾಳೆ, ಬಂದಾಗ ನೋಡುವೆಯಂತೆ. ಒಂದು ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಬಾತು ಮೆಟ್ಟಿಲಿಳಿದು ಬಂದು ಅವಳ ಮೊಣಕಾಲಿಗೆ ತಲೆ ಒರಗಿಸುತ್ತದೆ. ಇದನ್ನು ನಾನು ಸೇರಿಸಿದ್ದು.

ಆಮೇಲೆ ಅವಳು ನಮ್ಮ ಕಡೆ ತಿರುಗುತ್ತಾಳೆ. ಪ್ರತಿ ವಾರ ಹೇಳುವ ಆ ಒಂದು ಮಾತು ಹೇಳುತ್ತಾಳೆ. ಅದನ್ನು ಮಾತ್ರ ನಾನು ಹೇಳುವುದಿಲ್ಲ. ಅದು ನಿನ್ನದು. ಹದಿನೈದು ದಿನ ಕಳೆಯಲಿ. ಧ್ವನಿ ಮೊದಲಿನ ಹಾಗೇ ಬರಲಿ, ಒಡಕಾಗಿ ಬರಲಿ, ಬರೀ ಗಾಳಿಯೇ ಬರಲಿ. ತಮ್ಮನ ಮಗಳನ್ನೂ ಕೂರಿಸಿಕೊಳ್ಳೋಣ. ನಾನು ನಿನ್ನ ಪಕ್ಕದಲ್ಲಿ ಕೂತು, ಗೋಡೆಯನ್ನಲ್ಲ, ನಿನ್ನನ್ನೇ ಕೇಳುತ್ತೇನೆ: "ಏನ್ ಹೇಳ್ತಿದಾಳೆ?"

ನಿನ್ನ,
ದೊಡ್ಡವಳು

ಕಾಗದಕ್ಕೆ ಮೂರು ದಿನ. ಎಣಿಸಿದೆ. ಇಪ್ಪತ್ತೇಳಕ್ಕೆ ನಿನ್ನ ಕೈ ಸೇರಬೇಕು, ಇನ್ನು ತಡವಾಗಬಾರದು. ನಾಳೆ, ಏಪ್ರಿಲ್ 24, ಬೆಳಗಿನ ಮೊದಲ ಟಪಾಲಿಗೇ ಹಾಕುತ್ತೇನೆ.